ಕಟಿಂಗ್ ಶಾಪಿನ ಸ್ಪೀಕರಿನಲ್ಲಿ ಮಗಳ ದನಿ

"ಫೋನಲ್ಲಿ ಆಡೋ ಆಟಕ್ಕೂ ಶಿಸ್ತು ಬೇಕಾ ಕೋಚ್ ಸಾರ್? ಒಳ್ಳೆ ಕಥೆ!"

ಕಟಿಂಗ್ ಶಾಪಿನ ಯಜಮಾನರು ನಗುತ್ತಲೇ ವಾಲಿಬಾಲ್ ಕೋಚ್ ಕೆನ್ನೆಗೆ ನೊರೆ ಹಚ್ಚಿದರು. ಕೋಚ್ ಆನ್‌ಲೈನ್ ಆಟದ ಒಂದು ಗುಂಪನ್ನೂ ನೋಡಿಕೊಳ್ಳುತ್ತಾರೆ. ಬಾಯಿಗೆ ಬಂದಂತೆ ಬೈದ ಇಬ್ಬರನ್ನು ಆಗಷ್ಟೇ ಗುಂಪಿನಿಂದ ಹೊರಗೆ ಹಾಕಿದ್ದರು.

"ಮೈದಾನದಲ್ಲಿ ಬೈದ್ರೆ ಹೊರಗೆ ಕಳಿಸ್ತೀವಿ. ಇಲ್ಲಿ ಯಾಕೆ ಬಿಡ್ಬೇಕು? ಆ ಕಡೆ ಇರೋರೂ ಮನುಷ್ಯರೇ ಅಲ್ವಾ?"

"ಆಟ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ನನ್ನ ಮಗಳೂ ಆಡ್ತಾಳೆ, ಅವಳೇ ಗುಂಪಿನ ಲೀಡರ್. ಅವಳು ದನಿ ಏರಿಸಿದ್ದನ್ನೇ ನಾನು ಕೇಳಿಲ್ಲ ಬಿಡಿ."

ಅವರು ಹೇಳಿ ಬಾಯಿ ಮುಚ್ಚಿರಲಿಲ್ಲ, ಅಂಗಡಿಯ ಸ್ಪೀಕರಿಗೆ ಜೀವ ಬಂತು. ಬೆಳಗ್ಗೆ ಅಂಗಡಿ ಗುಡಿಸುವಾಗ ಹಾಡು ಕೇಳಲೆಂದು ಮಗಳು ತನ್ನ ಫೋನನ್ನು ಬ್ಲೂಟೂತ್ ಮೂಲಕ ಅದಕ್ಕೆ ಜೋಡಿಸಿ, ಬಿಡಿಸಲು ಮರೆತಿದ್ದಳು. ಈಗ ಮಹಡಿಯ ಮೇಲಿನ ಮನೆಯಲ್ಲಿ ಕುಳಿತು ಹಿಂದಿನ ದಿನದ ಆಟದ ರೆಕಾರ್ಡಿಂಗ್ ಹಾಕಿದ್ದಳು. ತನಗೆ ಏನೂ ಕೇಳಿಸುತ್ತಿಲ್ಲವೆಂದು ವಾಲ್ಯೂಮ್ ಏರಿಸುತ್ತಲೇ ಹೋದಳು.

"ಏ ಗುಬ್ಬಿ, ದಂಡಪಿಂಡ! ನೀನು ಇದ್ದೂ ಏನ್ ಪ್ರಯೋಜನ? ಹೋಗಿ ಸಾಯಿ!"

ಹಿಂದೆಯೇ ಗುಂಪಿನವರ ಕೇಕೆ. ಆಮೇಲೆ ಒಂದು ಎಳೆಯ ದನಿ: "ಸಾರಿ ಅಕ್ಕಾ..."

ಯಜಮಾನರ ಕೈಯಿಂದ ಬ್ರಷ್ ಜಾರಿತು. ಬೈದದ್ದು ಅವರ ಮಗಳು! ಕಾಯುತ್ತಿದ್ದ ಗಿರಾಕಿಗಳು ತಲೆ ತಗ್ಗಿಸಿದರು. "ಸಾಕಾ ಅಪ್ಪಾ, ಇನ್ನೊಂಚೂರು ಹಾಕ್ಲಾ" ಎಂದು ಬಡಿಸುವ ಹುಡುಗಿಯ ಬಾಯಲ್ಲಿ ಎಂಥ ಮಾತು! ಅವರು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದರು.

ಕೆಳಗೆ ಎಲ್ಲರಿಗೂ ಕೇಳಿಸಿತೆಂದು ಅಪ್ಪ ಹೇಳಿದಾಗ, "ಆಟದಲ್ಲಿ ಎಲ್ರೂ ಹೀಗೇ ಮಾತಾಡ್ತಾರಪ್ಪಾ," ಎಂದಳು ಮಗಳು. ಆದರೆ ಅವಳ ಮುಖ ಬಿಳಿಚಿಕೊಂಡಿತ್ತು. ಅರ್ಧ ಮುಖದ ನೊರೆಯೊಂದಿಗೇ ಕೋಚ್ ಕೂಡ ಬಂದು ನಿಂತಿದ್ದರು.

"ಈ ಗುಬ್ಬಿ ಯಾರಮ್ಮಾ?"

"ಗೊತ್ತಿಲ್ಲ ಸಾರ್. ಹೊಸಬ. ಆಟದಲ್ಲಿ ಇಟ್ಕೊಂಡಿರೋ ಹೆಸರು ಅದು."

"ಆಮೇಲೆ ಆಟಕ್ಕೆ ಬಂದ್ನಾ?"

"ಇಲ್ಲ... ನಿನ್ನೆಯಿಂದ ಆನ್‌ಲೈನೇ ಬಂದಿಲ್ಲ."

ಅಪ್ಪ ಕೋಚ್ ಮುಖ ನೋಡಿದರು. ಹುಡುಗನ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಸಾಯಿ ಅಂದದ್ದಂತೂ ನಿಜ.

"ಕಾಲ್ ಮಾಡು, ಈಗ್ಲೇ," ಎಂದರು ಕೋಚ್.

ಮಗಳು ಫೋನನ್ನು ಸ್ಪೀಕರಿನಿಂದ ಬಿಡಿಸಿ, ಗುಂಪಿನಿಂದಲೇ ಕರೆ ಮಾಡಿದಳು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಅಪ್ಪ ಫೋನಿನತ್ತ ಬಗ್ಗಿ ಕಿವಿಗೊಟ್ಟರು. ಕೊನೆಗೊಮ್ಮೆ ಆ ಎಳೆಯ ದನಿ ಕೇಳಿಸಿತು.

"ಅಕ್ಕಾ, ಇನ್ಮೇಲೆ ಚೆನ್ನಾಗಿ ಆಡ್ತೀನಿ. ನನ್ನ ತೆಗೀಬೇಡಿ ಅಕ್ಕಾ."

ಮಗಳು ಬಿಕ್ಕಿ ಬಿಕ್ಕಿ ಅತ್ತಳು. "ತಪ್ಪು ನಂದು ಕಣೋ! ಎಲ್ರ ಮುಂದೆ ಬೈದೆ, ಎಲ್ರ ಮುಂದೇನೇ ಕ್ಷಮೆ ಕೇಳ್ತೀನಿ."

ಹಾಗೆಯೇ ಕೇಳಿದಳು. ಕೋಚ್ ಜೊತೆ ಕೂತು ಗುಂಪಿಗೆ ನಿಯಮವನ್ನೂ ಮಾಡಿದಳು. ಬೈದರೆ ಎಚ್ಚರಿಕೆ, ಮತ್ತೆ ಬೈದರೆ ಮೈಕ್ ಬಂದ್. ಸಾಯಿ ಎಂದರೆ ಎಚ್ಚರಿಕೆಯೂ ಇಲ್ಲ, ನೇರ ಹೊರಗೆ.

"ಲೀಡರ್‌ಗೂ ಇದೇ ತಾನೇ?" ಅಪ್ಪ ಕೇಳಿದರು.

ಮಗಳು ಲೀಡರ್ ಸ್ಥಾನ ಬೇರೆಯವರಿಗೆ ಕೊಟ್ಟು, ತಾನೇ ಗುಂಪಿನಿಂದ ಹೊರಬಂದಳು. "ಶಿಸ್ತು ಬೇಕು ಸಾರ್," ಎಂದರು ಯಜಮಾನರು. ಅವರ ದನಿಯಲ್ಲಿ ನಗು ಇರಲಿಲ್ಲ.

ಆಡುವ ಗೆಳೆಯರೇ, ಯಾರಾದರೂ ಬೈಯುವಾಗ ಜೊತೆಗೆ ನಗಬೇಡಿ. ಅಲ್ಲೇ ತಡೆಯಿರಿ, ಕೇಳದಿದ್ದರೆ ದೂರು ಕೊಡಿ. ಅಪ್ಪ ಅಮ್ಮಂದಿರೇ, ಮಕ್ಕಳು ಆಡುವಾಗ ಒಮ್ಮೆ ಪಕ್ಕದಲ್ಲಿ ಕೂತು ಕೇಳಿ. ಬೈಸಿಕೊಂಡು ಸುಮ್ಮನಾದವರು ನಿಮ್ಮ ಗುಂಪಿನಲ್ಲಿದ್ದರೆ ಇವತ್ತೇ ಮಾತಾಡಿಸಿ. ಗುಬ್ಬಿ ಫೋನ್ ಎತ್ತಿದ. ಎಲ್ಲರೂ ಎತ್ತುತ್ತಾರೆ ಎನ್ನುವ ಧೈರ್ಯ ನಿಮಗಿದೆಯೇ?