ಮಲ್ಲಿಕಾಂಬಳ ಮೊಳ

ಸೀಮೆಸುಣ್ಣ ಗೋಡೆಯ ಮೇಲೆ ಕಿರ್ರೆಂದಿತು, ಮಲ್ಲಿಕಾಂಬಳಿಗೆ ಹಲ್ಲು ಜುಮ್ಮೆಂದವು, ಮೇಸ್ತ್ರಿ ರಂಗಪ್ಪ ಗೀಟು ಎಳೆಯುತ್ತಿದ್ದಾನೆ, ನೆಟ್ಟಗೆ ಎಳೆಯಬಾರದೇ, ಒಡೆಯೋ ಗೋಡೆಗೆ ಗೀಟು ಹೇಗಿದ್ದರೇನು — ಅಯ್ಯೋ, ಒಡೆಯೋ ಗೋಡೆ ಅಂತ ತಾನೇ ಅಂದುಕೊಂಡುಬಿಟ್ಟಳಲ್ಲ, ಅಷ್ಟು ಸಲೀಸಾಗಿ! ತಮ್ಮ ದೇವೀರಪ್ಪ ಅಂಗಿಯ ತೋಳು ಮಡಚಿ ಮೊಳಕೈ ಗೋಡೆಗೆ ಊರಿದ, ನಡುಬೆರಳು ಮುಟ್ಟಿದ ಕಡೆ ಒಂದು ಗುರುತು, ಮತ್ತೆ ಮೊಳಕೈ, ಮತ್ತೆ ಗುರುತು, ಅವಳ ಗೋಡೆಯ ಮೇಲೆ ಅವನ ಕೈ ಕಂಬಳಿಹುಳುವಿನ ಹಾಗೆ ತೆವಳುತ್ತಿದೆ. ನೋಡ್ದ್ಯಾ ಅಕ್ಕ, ನನ್ನ ಮೊಳಕ್ಕೆ ಈ ಗೋಡೆ ಕೂಡಿ ಬರಲ್ಲ, ಒಳಕ್ಕೆ ತರ್ಬೇಕು. ಹೆಂಗೆ ಬಂದೀತು ಕಣೋ, ಇದು ನನ್ನ ಮೊಳ, ಅಂದುಕೊಂಡಳು. ಆಗ, ಮುಂಬಯಿಯಲ್ಲಿ ಆರ್ಕಿಟೆಕ್ಟ್ ಪರೀಕ್ಷೆ ಪಾಸು ಮಾಡಿ ಬಂದು, ಐವತ್ತೈದನೇ ಇಸವಿ, ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ತನಗೇ ಅಂತ ಒಂದು ಮನೆಯ ನಕ್ಷೆ ಬರೆದಳು, ಟೇಪು ಸ್ಕೇಲು ಎಲ್ಲ ಕೈಲಿದ್ದರೂ ಇದೇ ರಂಗಪ್ಪ, ಆಗಿನ್ನೂ ಮೀಸೆ ಕಪ್ಪು, ಗುದ್ದಲಿ ಮುಟ್ಟಲಿಲ್ಲ, ಆಯ ನೋಡ್ದೆ ಪಾಯ ತೆಗೆಯೋದುಂಟೇನಮ್ಮ, ಮನೆ ಅನ್ನೋದು ಯಜಮಾನ್ರ ಮೊಳಕ್ಕೆ ಕೂಡ್ಬೇಕು, ಎಲ್ಲಿ ಅವ್ರು, ಕರೀರಿ. ನಾನೇ ಕಣಪ್ಪ ಯಜಮಾನ ಅಂತ ಕೈ ಚಾಚಿದ್ದಳು. ನೆರೆದವರು ನಕ್ಕರು, ಅವಳೂ ನಕ್ಕಳು, ಒಳಗೊಳಗೇ ಹಿಗ್ಗಿ ಹೀರೇಕಾಯಿಯಾದಳು, ಬಾಗಿಲು ಕಿಟಕಿ ಉದ್ದ ಅಗಲ ಎಲ್ಲವೂ ಅವಳ ಮೊಳದ್ದೇ ಲೆಕ್ಕ, ಇಡೀ ಸೀಮೆಯಲ್ಲಿ ಹೆಂಗಸಿನ ಕೈಗೆ ಎದ್ದ ಮನೆ ಇದೊಂದೇ ಅಂತ ಎಷ್ಟು ಜಂಬ!

ಜಂಬ ಈಗ ತೀರ್ಥಾಳ ಕೊರಳಿಗೆ ಸುತ್ತಿಕೊಂಡಿದೆ. ತೀರ್ಥ ದೇವೀರಪ್ಪನ ಮಗಳು, ತಾಯಿಯಿಲ್ಲದ ಕೂಸನ್ನು ಎತ್ತಿಕೊಂಡು ಬಂದು ಬೆಳೆಸಿದ್ದು ಇಲ್ಲೇ, ಈ ಕಿಟಕಿಯ ಕೆಳಗೇ, ನಕ್ಷೆ ಬರೆಯೋ ಮೇಜಿನ ಮೇಲೆ ಮಗು ಕೈ ಚಾಚಿ ನಿದ್ದೆ ಹೋದರೆ ಆ ಕೈಯ ಸುತ್ತ ಪೆನ್ಸಿಲ್ ಓಡಿಸುತ್ತಿದ್ದಳು, ಬೆರಳುಗಳೆಂದರೆ ಎಳೇ ಹುರುಳಿಕಾಯಿ — ಕಡೂರಿನವರು ಬಂದರು, ಚೌಳಹಿರಿಯೂರಿನವರು ಬಂದರು, ಉಪ್ಪಿಟ್ಟು ತಿಂದು ಹುಡುಗಿ ಲಕ್ಷಣವಾಗಿದ್ದಾಳೆ ಅಂದರು, ಹೋದವರು ಹೋದವರೇ. ಹೆಣ್ಣುಮೊಳದ ಮನೆಯಂತೆ, ಯಜಮಾನಿಗೇ ಲಗ್ನ ಕೂಡ್ಲಿಲ್ವಲ್ಲ. ಕೂಡಲಿಲ್ಲವಂತೆ! ನಾನು ಒಲ್ಲೆ ಅಂದದ್ದು ಕಣ್ರೋ, ಯಾರೂ ಕೇಳಲೇ ಇಲ್ಲ. ಈಗ ತರೀಕೆರೆಯವರು, ಮೊದ್ಲು ಗಂಡಸಿನ ಮೊಳಕ್ಕೆ ಆಯ ಸರಿ ಮಾಡ್ಸಿ, ಆಮೇಲೆ ಮಾತು. ಬೈದು ಅಟ್ಟುತ್ತಿದ್ದಳು, ಖಂಡಿತ ಅಟ್ಟುತ್ತಿದ್ದಳು, ಆದರೆ ತೀರ್ಥ ಅಡುಗೆಮನೆಯಲ್ಲಿ ಅವಳ ಬೆನ್ನಿಗೆ ಮುಖ ಒತ್ತಿ, ಅತ್ತೆ, ಒಂದು ಗೋಡೆ ತಾನೆ, ನಂಗೆ ಈ ಹುಡುಗ ಇಷ್ಟ ಕಣತ್ತೆ. ಬೆನ್ನು ಒದ್ದೆಯಾಯಿತು. ಆಯ್ತು ಕಣೇ ಅಂದಳು, ಅನ್ನದೆ ಏನು ಮಾಡುವುದು.

ಅಮ್ಮಾ, ರಂಗಪ್ಪ ಸುತ್ತಿಗೆ ಚಾಚಿದ, ಯಾರ ಮೊಳಕ್ಕೆ ಎದ್ದಿತ್ತೋ ಅವ್ರೇ ಮೊದಲ ಏಟು ಹಾಕ್ಬೇಕು, ನಾವು ಹಂಗೇ ಮಾಡೋದು. ಅವನು ಕಣ್ಣೆತ್ತಲಿಲ್ಲ. ಸುತ್ತಿಗೆ ಈಸಿಕೊಂಡಳು, ಬಾಗಿಲಲ್ಲಿ ತೀರ್ಥ, ಅವಳ ಕೈ, ಈಗ ಉದ್ದ ಬೆಳೆದ ಕೈ, ನನ್ನ ರವಿಕೆಯ ತೋಳು ಅವಳಿಗೆ ಅಳತೆ ಹಿಡಿದು ಹೊಲಿದ ಹಾಗೆ ಆಗುತ್ತಲ್ಲ, ಇಬ್ಬರದೂ ಒಂದೇ ಮೊಳ! ತಾಳಪ್ಪ, ತೀರ್ಥಾ, ಬಾರೇ ಇಲ್ಲಿ, ಗೋಡೆಗೆ ನಿನ್ನ ಮೊಳ ಇಡು, ಕೂಡಿ ಬರುತ್ತೆ, ಇವತ್ತಿಂದ ಮನೆ ನಿಂದೇ, ನೀನೇ ಯಜಮಾನಿ, ಆ ಹುಡುಗನಿಗೆ ನೀನು ಬೇಕಿದ್ರೆ ಈ ಮನೆಗೇ ಬರ್ಲಿ. ಅಕ್ಕ, ತಲೆ ಗಿಲೆ ಕೆಟ್ಟಿದ್ಯಾ ನಿಂಗೆ, ಕೊಟ್ಟು ಕಳ್ಸೋ ಹುಡುಗಿ ಮೊಳಕ್ಕೆ ಯಾರಾದ್ರೂ ಮನೆ ಕೂಡಿಸ್ತಾರಾ? ನೀನು ಸುಮ್ನಿರೋ! ತೀರ್ಥ ಬಂದಳು, ಬಂದೇಬಿಟ್ಟಳು ನನ್ನ ಬಂಗಾರ, ಕೈ ಎತ್ತಿದಳು, ಬಳೆ ಮೊಳಕೈಗೆ ಜಾರಿದವು, ಗೋಡೆಗೆ ಇನ್ನೇನು ಬೆರಳು ತಾಗಬೇಕು — ಅಪ್ಪನನ್ನು ನೋಡಿದಳು, ಸೀಮೆಸುಣ್ಣದ ಗೀಟು ನೋಡಿದಳು, ಅತ್ತೆಯನ್ನು ಮಾತ್ರ ನೋಡಲಿಲ್ಲ, ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಮಲ್ಲಿಕಾಂಬ ಹೊಡೆದಳು. ಗಾರೆ ಉದುರಿತು, ದೇವೀರಪ್ಪ ಏನೋ ಅಂದ, ಕೇಳಿಸಲಿಲ್ಲ, ಎತ್ತಿದ ಕೈ, ಸೆರಗಿನೊಳಗೆ ಹೋದ ಕೈ, ಎತ್ತಿದ ಕೈ, ಇನ್ನೇನು ತಾಗಬೇಕು, ಸೆರಗಿನೊಳಗೆ, ಎತ್ತಿದ ಕೈ —