ಎದುರಿನವರ ಸಹಿ

ಸಂಜೆ ಕಾಲೇಜಿನ ಬರವಣಿಗೆ ತರಗತಿಯಲ್ಲಿ ಬಾಗಿಲ ಪಕ್ಕದ ಬೆಂಚು ಅವಳದು ಎಂದು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಔಷಧಿ ಅಂಗಡಿಯ ಕೌಂಟರಿನಿಂದ ನೇರವಾಗಿ ಬರುವವಳು, ಪಕ್ಕದ ಮನೆಯಲ್ಲಿ ಬಿಟ್ಟ ಮಗುವನ್ನು ಕರೆದುಕೊಳ್ಳಲು ಪಾಠ ಮುಗಿಯುವ ಮೊದಲೇ ಏಳುವವಳು ಎಂದು ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಹೊಸಬನೊಬ್ಬ ಅಲ್ಲಿ ಕೂತಾಗ, ನಿವೃತ್ತಿಯಾದ ಮೇಲೆ ಓದಲು ಬಂದಿದ್ದ ಪೊಲೀಸಪ್ಪ ಅವನ ಭುಜ ತಟ್ಟಿ ಒಳಗೆ ಜರುಗಿಸಿದ್ದರು. ಅವಳು ಅದನ್ನು ಕಂಡಿದ್ದಳು. ಅವರಿಗೊಂದು ಮಾತು ಹೇಳಬೇಕಿತ್ತು ಎಂದು ಹೊಳೆದದ್ದು ಮನೆಗೆ ಹೋಗಿ ಕಾಲು ತೊಳೆಯುವಾಗ.

ಅಕ್ಕ ತೀರಿಕೊಂಡ ಮೇಲೆ ಅವಳಿಗೆ ಎಲ್ಲವೂ ಹೀಗೆ ತಡವಾಗಿ ಮುಟ್ಟುತ್ತಿತ್ತು. ಚಹಾ ನಾಲಿಗೆ ಸುಟ್ಟದ್ದು ಲೋಟ ಖಾಲಿಯಾದ ಮೇಲೆ ತಿಳಿಯುತ್ತಿತ್ತು. ಅತ್ತಿರಲಿಲ್ಲ. ಕೌಂಟರಿನಲ್ಲಿ ನಿಂತು "ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ" ಎಂದು ಹೇಳುವ ದನಿಯಲ್ಲೇ ಅವಳ ಇಡೀ ದಿನ ಕಳೆಯುತ್ತಿತ್ತು.

ಅಕ್ಕನ ಮಗಳು ಅವಳ ಬಳಿಯೇ ಇದ್ದಳು. ಆರು ವರ್ಷದ ಹುಡುಗಿ. ಕೊಕ್ಕಿನಿಂದ ಹೆಕ್ಕಿದಂತೆ ಉಣ್ಣುತ್ತಾಳೆಂದು ಎಲ್ಲರ ಬಾಯಲ್ಲೂ ಗುಬ್ಬಿ. ಭಾವ ಲಾರಿ ಓಡಿಸುತ್ತಿದ್ದವನು. "ನೀನೇ ನೋಡ್ಕೋ, ನನ್ನಿಂದಾಗಲ್ಲ" ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಹೇಳಿ ಹೋಗಿದ್ದ. ಈಗ ಇನ್ನೊಂದು ಮದುವೆಯಾಗಿ, ಲಾರಿ ಬಿಟ್ಟು, ಗೋದಾಮೊಂದರಲ್ಲಿ ಮಾಲು ಇಳಿಸಿಕೊಳ್ಳುವ ಕೆಲಸ ಹಿಡಿದಿದ್ದ. ಭಾನುವಾರ ಬಂದು ಮಗಳನ್ನು ನೋಡಿಕೊಂಡು ಹೋಗುವಾಗಲೆಲ್ಲ, ಕಳಿಸಿಕೊಡು ಎಂದು ಕೇಳುತ್ತಿದ್ದ. ಅವಳು ಇಲ್ಲ ಎನ್ನುತ್ತಿದ್ದಳು. ಆ ಒಂದು ಮಾತು ಮಾತ್ರ ಅವಳಿಂದ ತಡವಿಲ್ಲದೆ ಬರುತ್ತಿತ್ತು.

ಬರವಣಿಗೆ ಕಲಿಸುವ ಮೇಡಮ್ಮಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ತಕ್ಕಡಿ ಮೇಡಂ. ಯಾವ ಪ್ರಬಂಧ ಕೊಟ್ಟರೂ "ಆ ಕಡೆ ಏನಿದೆ?" ಎಂದು ಕೇಳದೆ ಅವರು ಪೆನ್ನು ತೆರೆಯುತ್ತಿರಲಿಲ್ಲ.

"ವಾದ ಅಂದ್ರೆ ಜಗಳ ಅಲ್ಲ," ಎಂದರು ಅಂದು. "ಜಗಳ ಕಲಿಯೋಕೆ ಕಾಲೇಜಿಗೆ ಬರಬೇಕಾಗಿಲ್ಲ, ಬಸ್ಸು ಹತ್ತಿದ್ರೆ ಸಾಕು. ನೀವು ಸುಲಭಕ್ಕೆ ಬಿಟ್ಟುಕೊಡದೇ ಇರೋ ಒಂದು ವಿಷಯ ಆರಿಸಿಕೊಳ್ಳಿ. ಮೊದಲು ಎದುರಿನವರ ಪಕ್ಷ ಬರೀರಿ. ಅದನ್ನ ಆ ಪಕ್ಷದ ಒಬ್ಬರ ಹತ್ತಿರ ತಗೊಂಡು ಹೋಗಿ. ಅವರು ಓದಿ, ಹೌದು ಇದೇ ನನ್ನ ಮಾತು ಅಂತ ಸಹಿ ಹಾಕಬೇಕು. ಆಮೇಲೆ ನಿಮ್ಮ ಪಕ್ಷ."

ಪೊಲೀಸಪ್ಪ ಕೈ ಎತ್ತಿದರು. "ಮೇಡಂ, ಕಳ್ಳನ ಪಕ್ಷ ಬರೆದ್ರೆ ಕಳ್ಳನ ಸಹೀನೇ ಬೇಕಾ?"

"ಬೇಕು. ನೀವು ಠಾಣೆಯಲ್ಲಿ ಮೊದಲು ಸಹಿ ಹಾಕಿಸ್ಕೊಂಡು ಆಮೇಲೆ ಬರೀತಿದ್ರಿ. ಇಲ್ಲಿ ಮೊದಲು ಬರೀಬೇಕು, ಅಷ್ಟೇ ವ್ಯತ್ಯಾಸ."

ತರಗತಿಯೆಲ್ಲ ನಕ್ಕಿತು. ಹೆಚ್ಚು ನಕ್ಕದ್ದು ಪೊಲೀಸಪ್ಪನೇ.

ಅವಳು ಹಾಳೆಯ ಮೇಲೆ ಬರೆದಳು: ತಾಯಿಯಿಲ್ಲದ ಮಗು ತಂದೆಯ ಬಳಿ ಇರಬೇಕೇ, ಚಿಕ್ಕಮ್ಮನ ಬಳಿಯೇ? ತಂದೆಯ ಪಕ್ಷ ಅರ್ಧ ಪುಟಕ್ಕೆ ಮುಗಿಯಿತು. ಹೆತ್ತವನಿಗೆ ಹಕ್ಕಿದೆ, ಮರುಮದುವೆಯ ಮನೆಯಲ್ಲಿ ಈಗ ಹೆಂಗಸೊಬ್ಬಳಿದ್ದಾಳೆ, ಇತ್ಯಾದಿ.

ಮೇಡಂ ಅದನ್ನು ಓದಿ, ಬೇರೆಯವರಿಗೆ ಕೇಳಿಸದ ಹಾಗೆ ಅವಳ ಬೆಂಚಿನ ತುದಿಗೆ ಬಂದು ಕೂತರು.

"ಇಲ್ಲಿ ಮನುಷ್ಯ ಇಲ್ಲಮ್ಮ, ಬೆದರುಬೊಂಬೆ ಇದೆ. ಬೊಂಬೆನ ಹೊಡೆದು ಬೀಳಿಸೋದು ಏನು ಕಷ್ಟ?" ಎಂದವರು ಹಾಳೆಯನ್ನು ಅವಳ ಮುಂದಿಟ್ಟು, "ಬೇರೆ ವಿಷಯ ತಗೊಂಡ್ರೂ ಆಗುತ್ತೆ. ಮೊಬೈಲಿಂದ ಲಾಭವೋ ನಷ್ಟವೋ ಅಂತ ಬರಿ. ನಾನು ಅಂಕ ಕೊಡ್ತೀನಿ" ಎಂದರು.

"ಇದೇ ಇರಲಿ ಮೇಡಂ" ಎಂದಳು. ಯಾಕೆ ಹಾಗೆಂದೆ ಎಂದು ಅವಳಿಗೇ ತಿಳಿಯಲಿಲ್ಲ.

ಸೋಮವಾರ ಅಂಗಡಿಗೆ ರಜೆ ಹಾಕಿ ಭಾವನ ಗೋದಾಮಿಗೆ ಹೋದಳು. ಉದ್ದನೆಯ ತಗಡಿನ ಚಾವಣಿ, ಸಿಮೆಂಟಿನ ಕಟ್ಟೆ, ಕಟ್ಟೆಗೆ ಬೆನ್ನು ಕೊಟ್ಟು ನಿಂತ ಲಾರಿಗಳು. ಭಾವ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಪೆಟ್ಟಿಗೆ ಎಣಿಸುತ್ತಿದ್ದ. ಎಣಿಕೆ ಮುಗಿದಾಗ ಚಾಲಕ ಚೀಟಿ ಚಾಚಿದ, ಭಾವ ಸಹಿ ಹಾಕಿದ, ಒಂದು ಪ್ರತಿ ಹರಿದು ಅವನಿಗೆ ಕೊಟ್ಟು ಒಂದನ್ನು ತಾನಿಟ್ಟುಕೊಂಡ. ಲಾರಿ ಹೊರಟಿತು. ಅಲ್ಲಿಗೆ ಆ ಮಾಲಿನ ಮಾತು ಮುಗಿಯಿತು.

ಹಮಾಲಿಯೊಬ್ಬ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಹೆಗಲ ವಸ್ತ್ರದಿಂದ ಧೂಳು ಕೊಡವಿ, "ಕೂತ್ಕೊಳ್ಳಿ ಅಕ್ಕ" ಎಂದು ಹೋದ.

ಭಾವ ಅರ್ಧ ಪುಟವನ್ನು ತುಟಿ ಆಡಿಸುತ್ತ ಓದಿದ. "ಇದು ನಾನಲ್ಲ" ಎಂದ.

"ಮತ್ತೆ?"

"ಹಕ್ಕು ಗಿಕ್ಕು ಅಂತ ಬರ್ದಿದ್ದೀಯ. ಹಕ್ಕು ಯಾವನಿಗೆ ಬೇಕು? ಮಗು ಏನು ಮನೆನಾ, ಜಾಗನಾ?" ಅವನು ಎದುರಿನ ಮೂಟೆಯ ಮೇಲೆ ಕೂತ. "ಲಾರಿಯಿಂದ ಇಳಿದು ಮನೆಗೆ ಬಂದ ದಿನ ಗುಬ್ಬಿ ನನ್ನ ಹತ್ರ ಬರ್ತಿರ್ಲಿಲ್ಲ. ನಿಮ್ಮಕ್ಕನ ಸೆರಗಿನ ಹಿಂದೆ ನಿಲ್ತಿದ್ಲು. ಮಾರನೇ ದಿನ ಹತ್ರ ಬರೋಳು. ಅದರ ಮಾರನೇ ದಿನ ನಾನು ಹೊರಡ್ಬೇಕು. ಪ್ರತಿ ಸಲ ಮೊದಲಿಂದ ಶುರು. ಅದಕ್ಕೇ ಲಾರಿ ಬಿಟ್ಟೆ."

"ಬಿಟ್ಟು ಹೋದ್ರಲ್ಲ, ಆವತ್ತು?"

"ಹೋದೆ. ಹೆದ್ರಿಕೆ. ತಲೆ ಬಾಚೋಕೆ ಬರಲ್ಲ, ಜಡೆ ಹೇಗೆ ಹಾಕ್ಲಿ ಅಂತ. ಅಷ್ಟಕ್ಕೇ ಓಡಿಹೋದೆ ಅಂದ್ರೆ ನಗ್ತೀಯ ನೀನು."

ಅವಳು ನಗಲಿಲ್ಲ.

"ಈಗ ಬರುತ್ತೆ. ಈಗ ಮದ್ವೆಯಾದೋಳು ತನ್ನ ಕೂದಲಲ್ಲೇ ಕಲಿಸಿದ್ಲು. ಮೊದಮೊದಲು ಕೈ ಬಿಗಿಯಾಗಿ ಹಗ್ಗ ಬಿಗಿದಂಗೆ ಎಳೀತಿದ್ದೆ, ಪಾಪ, ಕಣ್ಣಲ್ಲಿ ನೀರು. ಸುಮ್ಮನೆ ಕೂತಿದ್ಲು." ಅವನು ತನ್ನ ಮೂಗು ಮುಟ್ಟಿ ತೋರಿಸಿದ: "ಗುಬ್ಬಿ ಕನ್ನಡಿ ನೋಡ್ಕೊಂಡ್ರೆ ಕಾಣೋದು ನನ್ನ ಮೂಗು. ಅದು ಯಾರದು, ಅವನು ಎಂಥವನು ಅಂತ ಮಗೂಗೆ ಗೊತ್ತಿರಬೇಡ್ವಾ? ಇಷ್ಟೇ ನನ್ನ ಮಾತು."

ವೈದ್ಯರ ಚೀಟಿಯನ್ನು ಓದಿ ಔಷಧಿ ತೆಗೆಯುವ ಹಾಗೆ, ತನ್ನದೇನನ್ನೂ ಸೇರಿಸದೆ, ಅವಳು ಎಲ್ಲವನ್ನೂ ಬರೆದಳು. ಮೇಡಂ ಕಲಿಸಿದಂತೆ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಸೇತುವೆಯಂಥ ವಾಕ್ಯ ಹಾಕಿದಳು. ಕೊನೆಗೆ, ಮಗು ತಂದೆಯ ಬಳಿ ಬೆಳೆಯುವುದೇ ಸರಿ ಎಂದು ಆ ಪಕ್ಷ ಹೇಳಬೇಕಾದ್ದನ್ನು ಹೇಳಿಸಿದಳು. ಎಲ್ಲೂ ಪೆನ್ನು ನಿಲ್ಲಲಿಲ್ಲ.

ಭಾವ ಎರಡು ಸಲ ಓದಿದ. ಕಿವಿಯಿಂದ ಪೆನ್ನು ತೆಗೆದು ಸಹಿ ಹಾಕಿ, ಕಣ್ಣು ಒರೆಸಿಕೊಂಡ. "ನಂಗೊಂದು ಕಾಪಿ" ಎಂದ.

ನೆನಪಿಗೆ ಇಟ್ಟುಕೊಳ್ಳುತ್ತಾನೇನೋ ಎಂದುಕೊಂಡು ಅವಳು ಅಲ್ಲೇ ಕೂತು ನಕಲು ಮಾಡಿ ಕೊಟ್ಟಳು.

"ಹಾಗಾದ್ರೆ ಭಾನುವಾರ ಬರ್ಲಾ?"

"ಬನ್ನಿ. ಗುಬ್ಬಿ ಮನೇಲೇ ಇರ್ತಾಳೆ."

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಸಣ್ಣ ಟೆಂಪೋ ನಿಂತಿತು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಹಿಂದೆ ಅವನ ಹೊಸ ಹೆಂಡತಿ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮೆತ್ತನೆ ಮಾತಿನ ಹೆಂಗಸು, ಚಪ್ಪಲಿ ಬಿಡಬೇಕೋ ಬೇಡವೋ ಎಂದು ನಿಂತಿದ್ದಳು.

"ಸಾಮಾನು ಕಟ್ಟಿಲ್ವಾ ಇನ್ನೂ?" ಎಂದ ಭಾವ.

"ಯಾರ ಸಾಮಾನು?"

"ಗುಬ್ಬೀದು."

"ಮಂಚಕ್ಕೆ ಬಣ್ಣ ಹೊಡೆಸಿದ್ವಿ," ಎಂದಳು ಹೊಸ ಹೆಂಡತಿ. "ವಾಸನೆ ಹೋಗ್ಲಿ ಅಂತ ವಾರವೆಲ್ಲ ಕಿಟಕಿ ತೆಗೆದೇ ಇಟ್ಟಿದ್ದೆ. ಮಲಗಬಹುದು ಈಗ."

ಅರ್ಥವಾಗದೆ ನಿಂತ ನಾದಿನಿಯ ಮುಖ ನೋಡಿ ಭಾವ ಜೇಬಿನಿಂದ ಮಡಿಸಿದ ಹಾಳೆ ತೆಗೆದ. ಒದ್ದೆಯಾಗದಿರಲೆಂದು ಪ್ಲಾಸ್ಟಿಕ್ಕಿನಲ್ಲಿ ಹಾಕಿದ್ದ. "ನೀನೇ ಬರ್ದೆ. ಸಹಿ ಹಾಕಿಸ್ಕೊಂಡೆ. ಕಾಪಿ ಕೊಟ್ಟೆ. ನಿಂದೊಂದು ನಂದೊಂದು."

ಆಗ ಅವಳಿಗೆ ಅರ್ಥವಾಯಿತು. ವರ್ಷಾನುಗಟ್ಟಲೆ ಲಾರಿಯಲ್ಲೂ ಗೋದಾಮಿನಲ್ಲೂ ಕಳೆದವನಿಗೆ, ಸಹಿಯಾಗಿ ಎರಡೂ ಕಡೆ ಪ್ರತಿ ಹಂಚಿದ ಹಾಳೆ ಎಂದರೆ ಒಂದೇ. ಒಪ್ಪಿಸಿದ್ದಾಯಿತು.

"ಭಾವ, ಅದು ಕಾಲೇಜಿಗೆ ಬರೆದದ್ದು. ಮೇಡಂ ಹಾಗೆ ಬರ್ಕೊಂಡು ಬರೋಕೆ ಹೇಳಿದ್ರು."

ಅವನು ಅಲ್ಲೇ ಹೊಸ್ತಿಲ ಮೇಲೆ ಕೂತ. ಒಳಗಿನಿಂದ ಗುಬ್ಬಿ ಓಡಿ ಬಂದು ಹೊಸ ಹೆಂಡತಿಯ ಕೈ ಹಿಡಿದು, ತನ್ನ ಸಾಲು ಸಾಲು ಬೆಂಕಿಪೆಟ್ಟಿಗೆಯ ಬಸ್ಸು ತೋರಿಸಲು ಎಳೆದುಕೊಂಡು ಹೋದಳು.

"ಹಾಗಾದ್ರೆ ಇದರಲ್ಲಿರೋದು ಸುಳ್ಳಾ?" ಎಂದು ಭಾವ ಕೇಳಿದ.

"ಸುಳ್ಳಲ್ಲ."

"ಸುಳ್ಳಲ್ಲ, ಆದ್ರೆ ಮಗು ಇಲ್ಲೇ ಇರುತ್ತೆ. ಇದ್ಯಾವ ವಿದ್ಯೆ ಕಲಿಸ್ತಾರಮ್ಮ ನಿಂಗೆ?"

"ನನ್ನ ಪಕ್ಷ ಇನ್ನೂ ಬರ್ದಿಲ್ಲ."

"ಬರಿ ಮತ್ತೆ. ಟೆಂಪೋದವನಿಗೆ ಅರ್ಧ ದಿನ ಹೇಳಿದ್ದೀನಿ. ಕಾಯ್ತೀನಿ."

ಭಾವ ಬೂಟು ಕಳಚಿ ಒಳಗೆ ಬಂದು ಕೂತ. ಅವಳು ಊಟದ ಮೇಜಿನ ಮೇಲೆ ಹಾಳೆ ಹರವಿ ಬರೆದಳು. ಶಾಲೆ ಹತ್ತಿರವಿದೆ. ಪಕ್ಕದ ಮನೆಯವರು ಒಳ್ಳೆಯವರು. ಮಗುವಿಗೆ ಈ ಮನೆ ರೂಢಿಯಾಗಿದೆ. ಅಲ್ಲಿಗೆ ನಿಂತಿತು. ಅವನ ಪುಟಕ್ಕಿಂತ ಬಹಳ ಚಿಕ್ಕದಾಗಿತ್ತು. ಭಾವನಿಗೆ ಕೊಟ್ಟಳು.

"ಇಷ್ಟೇನಾ?"

"ಇಷ್ಟೇ."

"ಇದಕ್ಕೆ ನಾನು ಸಹಿ ಹಾಕಲ್ಲ." ಅವನು ಹಾಳೆಯನ್ನು ಮೇಜಿನ ಮೇಲಿಟ್ಟ. "ನಿಮ್ಮಕ್ಕ ಆಸ್ಪತ್ರೇಲಿದ್ದಾಗ ಗುಬ್ಬಿ ಊಟ ಬಿಟ್ಟಿದ್ಲು. ಈ ಮೇಜಿನ ಕೆಳಗೆ ಹೋಗಿ ಕೂರೋಳು. ನೀನೂ ತಟ್ಟೆ ಹಿಡ್ಕೊಂಡು ಕೆಳಗೆ ಹೋಗ್ತಿದ್ದೆ. ಇಬ್ರೂ ಅಲ್ಲೇ ಉಣ್ಣೋರು. ಒಂದಿನ ಕಿಟಕಿಯಿಂದ ನೋಡಿದೆ. ನೀನು ಅವಳ್ನ ಬಾ ಅಂತ ಕರೀಲೇ ಇಲ್ಲ. ಮೇಜು ತಲೆಗೆ ತಾಗ್ತಿತ್ತು ನಿಂಗೆ. ನಾನು ಒಳಗೆ ಬರ್ದೆ ಹಾಗೇ ಹೋದೆ. ಅದೆಲ್ಲಿದೆ ಇದರಲ್ಲಿ?"

ಅವಳಿಗೆ ಅದು ಮರೆತುಹೋಗಿತ್ತು. ಆಗಿನದೆಲ್ಲ ಮರೆತುಹೋಗಿತ್ತು.

"ಅದನ್ನ ಬರೆದ್ರೆ ನೀವು ಖಾಲಿ ಟೆಂಪೋ ತಗೊಂಡು ಹೋಗ್ಬೇಕಾಗುತ್ತೆ ಭಾವ."

"ಬರಿ, ನೋಡೋಣ."

ಅವಳು ಬರೆದಳು. ಮೇಜಿನ ಕೆಳಗಿನ ಊಟವನ್ನು ಬರೆದಾಗ ಅದರ ಬೆನ್ನಿಗೇ ಇನ್ನೊಂದು ಬಂತು, ಮತ್ತೊಂದು ಬಂತು. ಅಮ್ಮ ಎಲ್ಲಿ ಎಂದು ಕೇಳಿದ ಮಗುವಿಗೆ ಸುಳ್ಳು ಹೇಳದೆ ಉತ್ತರಿಸಿದ ರಾತ್ರಿ. ಕಿವಿನೋವಿಗೆ ಎದೆಗೆ ಆನಿಸಿಕೊಂಡು ಕೂತ ರಾತ್ರಿ. ಅವಳ ಕೈ ಈಗ ನಿಧಾನವಾಗಿತ್ತು. ಅಳು ಬರಲಿಲ್ಲ, ಆದರೆ ಹಾಳೆಯ ತಣ್ಣಗಿನ ಮೈ ಬೆರಳಿಗೆ ಗೊತ್ತಾಗುತ್ತಿತ್ತು. ಒಳಕೋಣೆಯಲ್ಲಿ ಗುಬ್ಬಿ ಬಸ್ಸಿನ ಕಂಡಕ್ಟರಾಗಿ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಿದ್ದಳು. ಹೊಸ ಹೆಂಡತಿ "ಎಲ್ಲಿಗೆ ಹೋಗ್ಲಿ, ಗೋಡೆ ಇದೆಯಲ್ಲ" ಎಂದು ನಗುತ್ತಿದ್ದಳು.

ಭಾವ ತುಟಿ ಆಡಿಸುತ್ತ ಓದಿದ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡ. ಒಂದು ಮಾತನ್ನೂ ತಿದ್ದು ಎನ್ನಲಿಲ್ಲ, ಅಳಿಸು ಎನ್ನಲಿಲ್ಲ. ಸಹಿ ಹಾಕಿದ.

"ಹೌದು. ಇದು ನೀನೇ" ಎಂದು ಹಾಳೆ ಕೊಟ್ಟು, ಒಳಗೆ ನೋಡಿ, "ಏಳು ಮಾರಾಯ್ತಿ, ಹೊರಡೋಣ" ಎಂದು ಹೆಂಡತಿಯನ್ನು ಕರೆದ. ಕಾಪಿ ಕೇಳಲಿಲ್ಲ. ಹೊಸ್ತಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ. ಕಟ್ಟಿದ್ದು ಬಿಚ್ಚಿತು, ಮತ್ತೆ ಕಟ್ಟಿದ.

ಅವಳು ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಎರಡೂ ನಿಜ, ಎರಡೂ ಪೂರ್ತಿ. ಇನ್ನು ಅವುಗಳನ್ನು ಎಷ್ಟು ಸಲ ತೂಗಿದರೂ ಮುಳ್ಳು ಅಲ್ಲಾಡುವುದಿಲ್ಲ. ಆದರೆ ತನ್ನ ವಿರುದ್ಧದ ಮಾತನ್ನು ತಾನೇ ನೆನಪಿಸಿಕೊಟ್ಟು, ಅದಕ್ಕೆ ತಾನೇ ಸಹಿ ಹಾಕಿ, ಖಾಲಿ ಕೈಯಲ್ಲಿ ಬೂಟು ಕಟ್ಟುತ್ತಿರುವ ಈ ಮನುಷ್ಯ ಹಾಳೆಗಳ ಹೊರಗಿದ್ದ. ಇಂಥವನ ಬಳಿ ಮಗುವನ್ನು ಬಿಡಬಹುದು.

"ಶಾಲೆ ಬಟ್ಟೆ ಇನ್ನೂ ಒಣಗಿಲ್ಲ," ಎಂದಳು. "ಹಾಗೇ ಚೀಲದಲ್ಲಿ ಹಾಕ್ತೀನಿ. ಹೋದ ತಕ್ಷಣ ಹರವಿ, ಇಲ್ಲಾಂದ್ರೆ ಮುಗ್ಗಲು ವಾಸನೆ ಬರುತ್ತೆ."

ಭಾವ ತಲೆಯೆತ್ತಲಿಲ್ಲ. ಅವನಿಗೆ ತಿಳಿದಿರಲಿಲ್ಲ. ತಿಳಿದದ್ದು ಒಳಕೋಣೆಯ ಬಾಗಿಲಲ್ಲಿ ನಿಂತ ಹೊಸ ಹೆಂಡತಿಗೆ. ಅವಳು ಹಗ್ಗದ ಬಳಿ ಹೋಗಿ ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ತನ್ನ ಹೊಸ ಸೀರೆ ನೆನೆಯುವುದನ್ನೂ ನೋಡದೆ ತೋಳಿನ ಮೇಲೆ ಹಾಕಿಕೊಳ್ಳತೊಡಗಿದಳು.

ಟೆಂಪೋದಲ್ಲಿ ಇಬ್ಬರ ನಡುವೆ ಕೂತ ಗುಬ್ಬಿ ಕೇಳಿದಳು: "ಚಿಕ್ಕಿ, ನೀನು?"

"ಶನಿವಾರ ಬರ್ತೀನಿ."

"ಈಗ ಯಾಕಿಲ್ಲ?"

"ಜಾಗ ಇಲ್ವಲ್ಲೇ, ನಿನ್ನ ಬಸ್ಸುಗಳೇ ತುಂಬಿವೆ."

ಅದು ಸರಿಯಾದ ಕಾರಣವೆಂದು ಗುಬ್ಬಿ ಒಪ್ಪಿಕೊಂಡಳು. ಗಾಡಿ ಶುರುವಾಯಿತು. ಹೊರಡುವ ಮೊದಲು ಮೇಜಿನ ಮೇಲಿನ ಹಾಳೆ ಓದಿಕೊಂಡಿದ್ದ ಹೊಸ ಹೆಂಡತಿ ತಟ್ಟನೆ ಕಿಟಕಿಯಿಂದ ಬಗ್ಗಿ, "ನೋವು ಬರೋದು ಯಾವ ಕಿವಿ?" ಎಂದು ಕೇಳಿದಳು.

"ಎಡಗಿವಿ."

ಇಂಜಿನ್ನಿನ ಸದ್ದಿಗೆ ಕೇಳಿಸಿತೋ ಇಲ್ಲವೋ ಎಂದು ಅವಳು ತನ್ನ ಎಡಗಿವಿಯನ್ನೇ ಹಿಡಿದು ತೋರಿಸಿದಳು. ಹೊಸ ಹೆಂಡತಿಯೂ ತನ್ನ ಎಡಗಿವಿ ಹಿಡಿದು, ಇದೇ ತಾನೇ ಎಂಬಂತೆ ತಲೆಯಾಡಿಸಿದಳು. ಆಟವೆಂದುಕೊಂಡ ಗುಬ್ಬಿ ತನ್ನ ಎರಡೂ ಕಿವಿ ಹಿಡಿದುಕೊಂಡಳು. ಟೆಂಪೋ ತಿರುವಿನಲ್ಲಿ ಮರೆಯಾಗುವವರೆಗೂ ಅವರು ಮೂವರೂ ಕೈ ಕೆಳಗಿಳಿಸಲಿಲ್ಲ.