ಕೊಸರಿನ ಎರಡನೇ ನಂಬರು

ಓಟು ಕೇಳಲು ಹೊರಟ ಎಂಟು ಜನರಲ್ಲಿ ಏಳು ಜನ ಒಂದನೇ ನಂಬರು ಕೇಳಿದರು. ಶಿವದೇವಿ ಒಬ್ಬಳೇ ಎರಡನೆಯದು ಕೇಳಿದಳು.

"ಒಂದು ನಮ್ಮನಿಯವರಿಗೇ ಹಾಕ್ರಿ," ಎನ್ನುವಳು ಸುಲ್ತಾನ್ ಬಜಾರಿನ ಒಂದೊಂದೇ ಅಂಗಡಿಯ ಮೆಟ್ಟಿಲು ಹತ್ತಿ. "ಅದಕ್ಕ ನಾ ಕೈ ಹಚ್ಚಂಗಿಲ್ಲ. ಎರಡು ನನಗಿರ್ಲಿ. ಕೊಸರು ಕೊಟ್ಟೆ ಅನ್ಕೊಂಡು ಹಾಕಿಬಿಡ್ರಿ."

ಕೊಸರು ಅಂದರೆ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕೆ? ತೂಕ ಮುಗಿದ ಮೇಲೆ ಒಂದು ಹಿಡಿ ಹೆಚ್ಚು, ಬಟ್ಟೆ ಅಳೆದ ಮೇಲೆ ನಾಲ್ಕು ಬೆರಳು ಹೆಚ್ಚು. ಕೊಟ್ಟವನ ಗಂಟೇನೂ ಹೋಗುವುದಿಲ್ಲ, ಇಸಕೊಂಡವಳು ನಗುತ್ತ ಹೋಗುತ್ತಾಳೆ. "ಆತ್ರಿ ಅಕ್ಕೋರ, ಕೊಸರು ನಿಮಗ," ಎಂದು ಒಬ್ಬರ ಹಿಂದೆ ಒಬ್ಬರು ಮಾತು ಕೊಟ್ಟರು. ಕೊಡದೆ ಏನು ಮಾಡುತ್ತಾರೆ? ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು ಅವಳು. ಆ ಅಂಗಡಿಗಳ ಗಲ್ಲೆಯ ಮೇಲೆ ಕೂತವರಲ್ಲಿ ಅರ್ಧ ಜನರ ಕಿವಿ ಹಿಂಡಿದ್ದಳು.

ಚುನಾವಣೆ ಹೊರನಾಡ ಕನ್ನಡಿಗರು ಕೋಠಿಯಲ್ಲಿ ಕಟ್ಟಿಕೊಂಡ ಕನ್ನಡ ಗೆಳೆಯರ ಮಂಡಳಿಯದು. ಔಷಧಿ ಅಂಗಡಿಗಳ ಸಾಲಿನ ಮೇಲೆ ಮಂಡಳಿಯದೊಂದು ಹಾಲ್ ಇದೆ. ಇಪ್ಪತ್ತು ಮೆಟ್ಟಿಲು, ಮೂರು ಫ್ಯಾನು, ಎಪ್ಪತ್ತು ಕುರ್ಚಿ. ಹಿಂದಿನ ವರ್ಷ ಅದರ ಸಮಿತಿ ಮೂರು ಸಲ ಮುರಿದು ಬಿತ್ತು. ಒಮ್ಮೆ ಯುಗಾದಿಯ ಹೋಳಿಗೆ ಸಲುವಾಗಿ, ಒಮ್ಮೆ ಮೈಕಿನ ಸಲುವಾಗಿ. ಮೂರನೇ ಸಲ ಯಾಕೆ ಮುರಿಯಿತೆಂದು ಹೊಡೆದಾಡಿದವರಿಗೂ ನೆನಪಿಲ್ಲ. ಆಗ ಗುರುಶಾಂತ ಎದ್ದು ನಿಂತ. ವಿಧಾನಸಭೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಶಾಸಕರು ರಾಜ್ಯಸಭೆಗೆ ಓಟು ಹಾಕುವುದನ್ನು, ಅದನ್ನು ಎಣಿಸುವುದನ್ನು ಹತ್ತಿರದಿಂದ ಕಂಡವನು.

"ಲೋಕಸಭಾ ಮುರೀತೈತಿ, ರಾಜ್ಯಸಭಾ ಮುರಿಯಂಗಿಲ್ಲ," ಎಂದ. "ಯಾಕ? ಒಬ್ಬೊಬ್ಬರಿಗೆ ಆರು ವರ್ಷದ ಅವಧಿ. ಎರಡು ವರ್ಷಕ್ಕೊಮ್ಮೆ ಮೂರರಾಗ ಒಂದು ಪಾಲು ಮಂದಿ ಇಳೀತಾರ, ಆ ಜಾಗಾಕ್ಕ ಬ್ಯಾರೇದವರು ಬರ್ತಾರ. ಮನಿ ಖಾಲಿನೇ ಆಗಂಗಿಲ್ಲ. ನಮಗೂ ಅಂಥಾದ್ದೊಂದು ಮ್ಯಾಲಿನ ಮನಿ ಬೇಕು."

ಜಗಳವಾಡಿ ದಣಿದಿದ್ದ ಸಭೆ ಹೂಂ ಅಂದಿತು. ಆರು ಜನರ 'ಹಿರಿಯರ ಮನೆ' ಆಗಬೇಕೆಂದು ತೀರ್ಮಾನವಾಯಿತು. ಸೋಮವಾರ ಹಾಲ್‌ಗೆ ರಜೆ. ಉಳಿದ ಆರು ದಿನಗಳಲ್ಲಿ ಒಬ್ಬೊಬ್ಬ ಹಿರಿಯರ ಕೈಗೆ ಒಂದೊಂದು ದಿನದ ಕೀಲಿ. ಆ ದಿನ ಹಾಲ್‌ನಲ್ಲಿ ಅವರು ಹೇಳಿದ್ದೇ ನಡೆಯಬೇಕು. ಯಾರು ಮೊದಲು ಗೆಲ್ಲುತ್ತಾರೋ ಅವರು ಮೊದಲು ವಾರ ಆರಿಸಬೇಕು.

ಶಿವದೇವಿಗೆ ಬೇಕಾಗಿದ್ದುದು ರವಿವಾರದ ಕೀಲಿ.

ಮೆಹದಿಪಟ್ಟಣದಲ್ಲಿ ಅವರ ಮನೆಯ ಹಿಂದೆಯೇ ಹನ್ನೆರಡು ಅಂತಸ್ತಿನ ಕಟ್ಟಡ ಏಳುತ್ತಿತ್ತು. ಕೆಲಸಕ್ಕೆ ಬಂದವರು ಯಾದಗಿರಿ ಕಡೆಯ ಮಂದಿ. ಅವರ ಹದಿನಾಲ್ಕು ಮಕ್ಕಳನ್ನು ಶಿವದೇವಿ ಪ್ರತಿ ರವಿವಾರ ಆ ಕಟ್ಟಡದ ನೆಲಮಾಳಿಗೆಯಲ್ಲಿ ಕೂರಿಸಿಕೊಂಡು ಕನ್ನಡ ಕಲಿಸುತ್ತಿದ್ದಳು. ಬೇರೆ ದಿನ ಆಗುವಂತಿರಲಿಲ್ಲ. ತಾಯಂದಿರು ಬುಟ್ಟಿ ಹೊತ್ತರೆ ದೊಡ್ಡ ಮಕ್ಕಳು ಚಿಕ್ಕವರನ್ನು ಆಡಿಸಬೇಕು. ಈಗ ನೆಲಮಾಳಿಗೆಗೆ ಫರಶಿ ಕಲ್ಲು ಹಾಸಲು ಶುರುಮಾಡಿದ್ದರು. ಜಾಗ ಬಿಡಿ ಎಂದು ಮೇಸ್ತ್ರಿ ಹೇಳಿಯಾಗಿತ್ತು.

ಹಾಲ್‌ನ ರವಿವಾರವೋ, ಹನ್ನೊಂದು ವರ್ಷದಿಂದ ಅವಳ ಗಂಡನದು. ಅಮರೇಶಪ್ಪನಿಗೆ ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿ. ರವಿವಾರ ಹತ್ತು ಹೊಡೆಯಿತೆಂದರೆ ಗೆಳೆಯ ಕಾಶಿನಾಥನನ್ನೂ ಇನ್ನಿಬ್ಬರನ್ನೂ ಕಟ್ಟಿಕೊಂಡು ಹಾಲ್‌ನಲ್ಲಿ ಇಸ್ಪೀಟಿಗೆ ಕೂತುಬಿಡುತ್ತಿದ್ದ.

"ರೀ, ರವಿವಾರ ನನಗ ಬಿಟ್ಟುಕೊಡ್ರಲ್ಲ," ಎಂದು ಅವಳು ಮೂರು ಸಲ ಕೇಳಿದ್ದಳು.

"ವಾರಪೂರ್ತಿ ಗಿರಾಕಿ ಮುಂದ ಸೀರಿ ಹರವಿ, ಮಡಚಿ ನನ್ನ ಸೊಂಟ ಹೋಗೈತಿ. ಇರೋದು ಒಂದು ರವಿವಾರ. ಅದನ್ನೂ ನಿನ್ನ ಹುಡುಗರಿಗೆ ಕೊಟ್ಟು ನಾ ಏನು ಭಜನಿ ಮಾಡ್ಲಿ?"

"ಬುಧವಾರ ಆಡಿದ್ರ ಎಲಿ ಹಾರಿ ಹೋಗ್ತಾವೇನು?"

"ಬುಧವಾರ ರವಿವಾರ ಆಗತೈತೇನು?"

ಇನ್ನು ಕೇಳಿ ಪ್ರಯೋಜನವಿಲ್ಲ ಎಂದು ಅವಳೂ ನಾಮಪತ್ರ ಹಾಕಿದಳು. ಅಮರೇಶಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ತಾನೇ ಸೂಚಕನಾಗಿ ಸಹಿ ಜಡಿದ. ತನ್ನ ಗೆಲುವಿನ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಂಗಡಿಯ ಮುಂದೆ ತೂಗುಹಾಕಲು 'ಹಿರಿಯರ ಮನೆ ಸದಸ್ಯರು, ಆರು ವರ್ಷ' ಎಂದು ಬೋರ್ಡು ಬರೆಯಲು ಕೊಟ್ಟೂ ಬಂದಿದ್ದ. ಈ ಮೊದಲನೇ ಸಲ ಮಾತ್ರ ಇಬ್ಬರಿಗೆ ಎರಡು ವರ್ಷ, ಇಬ್ಬರಿಗೆ ನಾಲ್ಕು, ಇಬ್ಬರಿಗೆ ಆರು, ಯಾರಿಗೆಷ್ಟೆಂದು ಚೀಟಿ ಎತ್ತಿ ಗೊತ್ತುಮಾಡುತ್ತೇವೆ ಎಂದು ಗುರುಶಾಂತ ಬಾಯಿ ನೋಯುವಂತೆ ಹೇಳಿದ್ದ. ಅಮರೇಶಪ್ಪನ ಕಿವಿಗೆ ಬಿದ್ದದ್ದು 'ಆರು' ಒಂದೇ.

ಗುರುಶಾಂತ ಇನ್ನೊಂದು ಮಾತನ್ನೂ ಹೇಳಿದ್ದ. ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಬರೆಯಬೇಕು. ಒಬ್ಬರಿಗೆ ಗೆಲ್ಲಲು ಬೇಕಾದುದಕ್ಕಿಂತ ಹೆಚ್ಚು ಓಟು ಬಿದ್ದರೆ, ಆ ಹೆಚ್ಚಾದದ್ದು ಕೊಳೆತು ಹೋಗುವುದಿಲ್ಲ; ಎರಡನೇ ನಂಬರಿನವರ ಕಡೆಗೆ ಹರಿಯುತ್ತದೆ. ಆ ಹೊತ್ತಿಗೆ ಮಿರ್ಚಿ ಭಜಿಯ ತಟ್ಟೆ ಬಂದಿತ್ತು, ಯಾರೂ ಕೇಳಿಸಿಕೊಳ್ಳಲಿಲ್ಲ. ಶಿವದೇವಿ ಕೇಳಿಸಿಕೊಂಡಳು. ಮನೆಗೆ ಹೋಗಿ ಹಳೆಯ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿ ನೋಡಿದಳು. ಗಂಡನಿಗೆ ಓಟು ಬೇಕಾದುದಕ್ಕಿಂತ ದುಪ್ಪಟ್ಟು ಬೀಳುತ್ತವೆ. ಅವನ ಪಾತ್ರೆ ತುಂಬಿ ಚೆಲ್ಲಿದ್ದನ್ನು ಹಿಡಿದುಕೊಂಡರೆ ಸಾಕು. ಒಮ್ಮೆ ಒಳಗೆ ಹೊಕ್ಕರೆ ರವಿವಾರಕ್ಕೆ ಚೌಕಾಸಿ ಮಾಡಲು ಕೈಯಲ್ಲಿ ಏನಾದರೊಂದು ಇರುತ್ತದೆ.

ಓಟಿನ ದಿನ ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ ಕೇಳಿದಳು, "ನಿಮ್ಮ ಎರಡನೇದು ಯಾರಿಗ್ರಿ?"

"ಕಾಶಿನಾಥಗ. ಎಷ್ಟಂದ್ರೂ ಇಸ್ಪೀಟಿನ ಜೋಡಿ. ನೀ ಬ್ಯಾಸರ ಮಾಡ್ಕೋಬ್ಯಾಡ."

"ನಾ ಯಾಕ ಮಾಡ್ಕೊಳ್ಳಿ? ನನ್ನ ಒಂದು ನಿಮಗ, ಎರಡು ನನಗ."

"ನಿನಗ ನೀನೇ ಎರಡನೇದು ಹಾಕ್ಕೋತಿ? ಭಾಳ ಶಾಣ್ಯಾಕಿ!"

ಅರವತ್ತಮೂರು ಓಟು ಬಿದ್ದವು. ಎಣಿಕೆಗೆ ಗುರುಶಾಂತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ರಾಜ್ಯಸಭೆಯ ಎಣಿಕೆಯಲ್ಲಿ ಮಾಡುವಂತೆ ಪ್ರತಿ ಓಟಿಗೂ ನೂರು ಬೆಲೆ ಕಟ್ಟಿದ. ಒಟ್ಟು ಆರು ಸಾವಿರದ ಮುನ್ನೂರು. ಅದನ್ನು ಸೀಟುಗಳಿಗಿಂತ ಒಂದು ಹೆಚ್ಚು, ಅಂದರೆ ಏಳರಿಂದ ಭಾಗಿಸಿ ಒಂದು ಕೂಡಿಸಿದ. "ಗೆಲ್ಲಾಕ ಒಂಬೈನೂರಾ ಒಂದು ಬೇಕು," ಎಂದು ಕರಿಹಲಗೆಯ ಮೇಲೆ ಬರೆದ.

ಅಮರೇಶಪ್ಪನಿಗೆ ಒಂದನೇ ನಂಬರು ಇಪ್ಪತ್ತಮೂರು ಬಿದ್ದಿದ್ದವು. ಎರಡು ಸಾವಿರದ ಮುನ್ನೂರು! ಬೇರೆ ಯಾರೂ ಒಂಬತ್ತು ಓಟು ದಾಟಿರಲಿಲ್ಲ. ಕಾಶಿನಾಥ ಶಿಳ್ಳೆ ಹೊಡೆದ. ಶಿವದೇವಿಗೆ ಒಂದನೇ ನಂಬರು ಸೊನ್ನೆ.

"ಸುದ್ದಾ ಸೊನ್ನಿ!" ಎಂದ ಅಮರೇಶಪ್ಪ ಕುರ್ಚಿಯಲ್ಲಿ ಹಿಂದಕ್ಕೊರಗಿ. "ನಾ ಹೇಳಿದ್ದೆ ಇಲ್ಲೋ? ಗುರುಶಾಂತಪ್ಪಾ, ನಾ ಗೆದ್ದೆ ಹೌದಲ್ಲ? ಬರಕೋ. ನನಗ ರವಿವಾರ."

"ತಡೀರಿ ಅಮರೇಶಪ್ಪನವರ. ವಾರ, ಅವಧಿ ಎರಡೂ ಕಡೀಕ ಕೂಡೇ ಬರೀತೀನಿ. ನಿಮ್ಮ ಹೆಚ್ಚಿಂದು ಹಂಚೋದೈತಿ."

"ನಂದು ಹಂಚತೀರಿ? ಯಾರಿಗೆ ಹಂಚತೀರಿ?"

"ನಿಮಗ ಬೇಕಾಗಿದ್ದು ಒಂಬೈನೂರಾ ಒಂದು. ಉಳಿದಿದ್ದು ಒಂದು ಸಾವಿರದ ಮುನ್ನೂರಾ ತೊಂಬತ್ತೊಂಬತ್ತು. ಇಪ್ಪತ್ತಮೂರು ಕಾಗದಕ್ಕ ಹಂಚಿದ್ರ ಕಾಗದಕ್ಕ ಅರವತ್ತು. ಕಾಗದದ ಮ್ಯಾಲೆ ಎರಡು ಅಂತ ಯಾರ ಹೆಸರಿಗೈತೋ ಅವರಿಗೆ ಆ ಅರವತ್ತು."

ಗುರುಶಾಂತ ಅಮರೇಶಪ್ಪನ ಕಾಗದಗಳನ್ನು ಒಂದೊಂದಾಗಿ ಎತ್ತಿ ಓದತೊಡಗಿದ. "ಎರಡು, ಶಿವದೇವಿ. ಎರಡು, ಶಿವದೇವಿ. ಎರಡು, ಕಾಶಿನಾಥ. ಎರಡು, ಶಿವದೇವಿ..." ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರತಿಯೊಬ್ಬನೂ ತಾನೊಬ್ಬನೇ ಕೊಸರು ಕೊಟ್ಟೆನೆಂದು ತಿಳಿದಿದ್ದ. ಶಿವದೇವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಎಣಿಸುತ್ತಿದ್ದಳು. ಹನ್ನೊಂದು. ಹದಿಮೂರು. ಹದಿನೈದು.

ಹದಿನೈದು ಅರವತ್ತಲೆ ಒಂಬೈನೂರು. ಒಂದು ಕಡಿಮೆ.

ಗುರುಶಾಂತನ ಕೈಯಲ್ಲಿ ಉಳಿದದ್ದು ಒಂದೇ ಕಾಗದ. ಮಾತು ಕೊಟ್ಟವರು ಮುಗಿದಿದ್ದರು. ಅವಳಿಗೆ ಅದು ಗೊತ್ತಿತ್ತು. ಅವನು ಕಾಗದ ಬಿಡಿಸಿದ. ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡ.

"ಎರಡು, ಶಿವದೇವಿ."

ಹೆಂಗಸರ ಸಾಲಿನಿಂದ ಕೂಗು ಎದ್ದಿತು. ಶಿವದೇವಿ ಮೇಜಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. ಬಾಲವನ್ನು ಉದ್ದಕ್ಕೆ ಎಳೆದು, ತುದಿಯಲ್ಲಿ ಒಂದು ಚುಕ್ಕೆ ಒತ್ತಿ ಬರೆದ ಎರಡು. ನಲವತ್ತು ವರ್ಷದಿಂದ ಸೀರೆಯ ಡಬ್ಬಿಗಳ ಮೇಲೆ ಅವಳು ನೋಡಿದ ಎರಡು. ಅವಳು ತಿರುಗಿ ಗಂಡನನ್ನು ನೋಡಿದಳು.

"ಕಾಶಿನಾಥಗ ಹಾಕ್ತೀನಂದಿದ್ರಿ?"

ಅಮರೇಶಪ್ಪ ಫ್ಯಾನು ನೋಡಿದ. "ಮೊನ್ನೆ ರವಿವಾರ ಎಲಿ ಮುಚ್ಚಿಟ್ಟು ಆಡಿದ್ನಲ್ಲ, ಕಳ್ಳ! ಪೆನ್ನು ಹಿಡದಾಗ ಅದು ನೆಪ್ಪಾತು. ಮತ್ತ ಎರಡನೇದಕ್ಕ ಏನು ಬೆಲಿ ಐತಿ, ಮನ್ಯಾಗಿನಾಕಿಗೇ ಇರ್ಲಿ ಅಂತ ಗೀಚಿದೆ. ಅದು ಅರವತ್ತು ಆಗತೈತಿ ಅಂತ ನನಗೇನು ಕನಸು ಬಿದ್ದಿತ್ತೇನು?"

"ಏ ಅಮರೇಶಾ, ನಾ ಎಲ್ಲಿ ಮುಚ್ಚಿಟ್ಟಿದ್ನೋ?" ಎಂದು ಕಾಶಿನಾಥ ಎದ್ದ. ಅವನನ್ನು ಇಬ್ಬರು ಹಿಡಿದು ಕೂರಿಸಿದರು.

ಮಿಕ್ಕ ನಾಲ್ವರು ಗೆಲ್ಲುವ ಹೊತ್ತಿಗೆ ಚಹಾ ಎರಡು ಸಲ ಬಂದು ಹೋಯಿತು. ಕಾಶಿನಾಥ ಸೋತ, ಸೋತು ಜೋರಾಗಿ ಭಜಿ ತಿಂದ. ಆಮೇಲೆ ಗುರುಶಾಂತ ಸ್ಟೀಲಿನ ಡಬ್ಬಿಯಲ್ಲಿ ಆರು ಚೀಟಿ ಹಾಕಿ ಕುಲುಕಿದ. ಅಮರೇಶಪ್ಪ ತೋಳು ಏರಿಸಿ ಕೈ ಹಾಕಿದ. ಬಿಡಿಸಿದ. ಹಿಂದೆ ಮುಂದೆ ತಿರುಗಿಸಿ ನೋಡಿದ.

"ಎರಡು ಅಂತೈತಿ. ಇದು ತಪ್ಪೈತಿ. ನನಗ ಎಲ್ಲಾರಗಿಂತ ಹೆಚ್ಚು ಬಿದ್ದಾವ!"

"ಓಟಿಗೂ ಅವಧಿಗೂ ಸಂಬಂಧಿಲ್ರಿ," ಎಂದ ಗುರುಶಾಂತ. "ಐವತ್ತೆರಡರಾಗ ಮೊದಲನೇ ರಾಜ್ಯಸಭಾ ಕೂಡಿದಾಗೂ ಯಾರು ಮೊದಲು ಇಳೀಬೇಕಂತ ಚೀಟಿನೇ ಎತ್ತಿದ್ರು. ದೊಡ್ಡ ದೊಡ್ಡವರೇ ಸುಮ್ಮ ಮನಿಗೆ ಹೋದ್ರು."

ಶಿವದೇವಿ ಎತ್ತಿದಳು. ಆರು.

ಅಮರೇಶಪ್ಪ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ. ದನಿ ಇಳಿಸಿದ. ಆದರೂ ಅದು ಕೆಳಗಿನ ಔಷಧಿ ಅಂಗಡಿಗೆ ಕೇಳುವಷ್ಟಿತ್ತು.

"ನಿನಗ ಆರು ವರ್ಷ ಯಾಕ ಬೇಕು?"

"ಬೇಕಂತ ಎತ್ತಿಲ್ರಿ. ಬಂತು."

"ಬೋರ್ಡು ಬರಸಾಕ ಕೊಟ್ಟೀನಿ ಮಾರಾಯ್ತಿ. ಆರು ವರ್ಷ ಅಂತ."

"ಆರು ಅಳಿಸಿ ಎರಡು ಬರೀಲಿ. ಬಣ್ಣ ಹಸಿ ಇರತೈತಿ."

"ಬಜಾರ ತುಂಬ ಹೇಳೀನಿ! ನಾಳೆ ಎರಡು ಅಂದ್ರ ಯಾವ ಮಗ ಬಿಡ್ತಾನ ನನ್ನ? ಚೀಟಿ ಬದಲು ಮಾಡೋಣು, ಬಾ."

"ಮ್ಯಾಲ ರವಿವಾರ ಹಾಕ್ರಿ."

"ಅರ್ಧಾ ರವಿವಾರ."

"ಪೂರ್ತಿ."

"ಹನ್ನೆರಡರ ತನಕ ನಿಂದು."

ಶಿವದೇವಿ ಚೀಟಿಯನ್ನು ಮಡಚಿ ಚೀಲದೊಳಗೆ ಇಟ್ಟಳು. ಸೀರೆ ಹಿಡಿಸದ ಗಿರಾಕಿ ಏಳುವ ಹಾಗೆ ಎದ್ದಳು. ಆ ಏಳುವಿಕೆ ಅಮರೇಶಪ್ಪನಿಗೆ ಚೆನ್ನಾಗಿ ಗೊತ್ತು. ಮೆಟ್ಟಿಲಿಳಿದ ಗಿರಾಕಿ ಮತ್ತೆ ಬರುವುದಿಲ್ಲ.

"ಕುಂದ್ರು, ಕುಂದ್ರು! ಪೂರ್ತಿ ತಗೋ."

"ಏ, ನಾಕು ವರ್ಷ ಹೆಚ್ಚಿಗಿ ಸಿಗತೈತಂತ ರವಿವಾರ ಮಾರ್ತಿಯೇನೋ?" ಎಂದು ಕಾಶಿನಾಥ ಅರಚಿದ.

"ನೀ ಸುಮ್ನಿರು. ನಿನ್ನ ಜೋಡಿ ಬುಧವಾರ ಆಡಿದ್ರೂ ನಾ ಸೋಲೋದೇ ಐತಿ."

ಗುರುಶಾಂತ ತಾನೇ ಬರೆದ ನಿಯಮದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದ. ಮತ್ತೆ ಹಿಂದಕ್ಕೆ ತಿರುವಿದ. "ಗಂಡ ಹೆಂಡ್ತಿ ಚೀಟಿ ಬದಲು ಮಾಡ್ಕೋಬಾರ್ದು ಅಂತ ನಾ ಬರದಿಲ್ಲ," ಎಂದ ಸಪ್ಪೆ ಮೋರೆ ಮಾಡಿ. "ರಾಜ್ಯಸಭಾದಾಗ ಇಂಥಾದ್ದು ನಡಿಯಂಗಿಲ್ರಿ. ಆದ್ರ ಅಲ್ಲಿ ಇಂಥಾ ಗಂಡ ಹೆಂಡ್ತಿನೂ ಇರಂಗಿಲ್ಲ." ಸಭೆ ಚಪ್ಪಾಳೆ ತಟ್ಟಿತು. ಅವನು ರಿಜಿಸ್ಟರಿನಲ್ಲಿ ಬರೆದ: ಅಮರೇಶಪ್ಪ, ಆರು ವರ್ಷ, ಬುಧವಾರ. ಶಿವದೇವಿ, ಎರಡು ವರ್ಷ, ರವಿವಾರ.

ಕೆಳಗೆ ಮೆಟ್ಟಿಲ ಬುಡದಲ್ಲಿ ಅನ್ನಮ್ಮ ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ಕಾಯುತ್ತಿದ್ದಳು. ಆ ಕಟ್ಟಡದಲ್ಲಿ ಬುಟ್ಟಿ ಹೊರುವವಳು. ಅವಳ ಮಕ್ಕಳೇ ಆ ಹದಿನಾಲ್ಕರಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು. ಶಿವದೇವಿ ನಡೆದದ್ದನ್ನೆಲ್ಲ ಹೇಳಿದಳು.

"ಆರು ವರ್ಸ ಬಿಟ್ಟು ಎರಡು ತಗೊಂಡ್ರಿ?" ಅನ್ನಮ್ಮ ಕೆನ್ನೆಯ ಮೇಲೆ ಕೈ ಇಟ್ಟಳು. "ಎಂಥಾ ಯಾಪಾರ ಮಾಡಿದ್ರಿ ಅಕ್ಕೋರ!"

"ನಿಮ್ಮ ಬಿಲ್ಡಿಂಗ್ ಮುಗಿಯಾಕ ಎಷ್ಟು ದಿನ ಐತಿ?"

"ಒಂದೂವರಿ ವರ್ಸ ಅಂತಾನ ಮೇಸ್ತ್ರಿ. ಆಮ್ಯಾಲ ಎಲ್ಲಿ ಕರೀತಾರೋ ಅಲ್ಲಿ."

"ಅಷ್ಟರಾಗ ಈ ಹದಿನಾಲ್ಕೂ ಪೇಪರ ಓದಬೇಕು, ನೀವು ಎಲ್ಲಿಗೆ ಹೋದ್ರೂ. ಎರಡು ವರ್ಷ ಕೈಯಾಗ ಇರೋ ರವಿವಾರ ಬೇಕು ನನಗ. ಆರು ವರ್ಷದ ಮಂಗಳವಾರ ತಗೊಂಡು ಏನು ಮಾಡ್ಲಿ?"

"ನಿಮ್ಮ ಎರಡು ವರ್ಸ ಮುಗದಮ್ಯಾಲ ಮತ್ತ ಬರೋ ಹುಡುಗರು?"

"ಇಳಿದವರು ಮತ್ತ ನಿಲ್ಲಬಾರದು ಅಂತ ದಿಲ್ಲಿಯಾಗೂ ಇಲ್ಲ, ಇಲ್ಲೂ ಇಲ್ಲ. ಈಗ ಅದು ಬಿಡು. ರವಿವಾರ ಒಂಬತ್ತಕ್ಕ ಎಲ್ಲಾರನೂ ಕರಕೊಂಡು ಮೆಹದಿಪಟ್ಟಣದ ಬಸ್ ಸ್ಟಾಪಿನ್ಯಾಗ ನಿಲ್ಲು. ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ. ಗಂಡು ಹುಡುಗರ ಟಿಕೀಟು ನಮ್ಮನಿಯವರು ಕೊಡ್ತಾರ."

"ಯಾರು ಕೊಡ್ತಾರ?" ಅಮರೇಶಪ್ಪ ಮೆಟ್ಟಿಲಿಳಿದು ಬರುತ್ತಿದ್ದ. "ಅದು ಮಾತಾಗಿರಲಿಲ್ಲ!"

"ಆರು ವರ್ಷದ ಹಿರಿಯರು," ಎಂದಳು ಶಿವದೇವಿ. "ಇಷ್ಟೂ ಮಾಡದಿದ್ರ ಹೆಂಗ್ರಿ?"

ಅನ್ನಮ್ಮನ ಚಿಕ್ಕ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಮರೇಶಪ್ಪ ಅವಳನ್ನು ಗುರುಗುಟ್ಟಿ ನೋಡಿದ, ಜೇಬಿಗೆ ಕೈ ಹಾಕಿದ, ಮತ್ತೆ ತೆಗೆದ. "ಗಂಡು ಹುಡುಗರು ಎಷ್ಟು ಅದಾರ?"

"ಐದು."

"ಐದೇ? ಹಂಗಾದ್ರ ನಡೀತೈತಿ," ಎಂದ. ಮೆಹದಿಪಟ್ಟಣದ ಬಸ್ಸು ಬಂತೆಂದು ಎಲ್ಲರಿಗಿಂತ ಮೊದಲು ಅವನೇ ಓಡಿದ.